ಮಾಸ್ತರ್ರ ಲ್ಯಾಟಿನ್ ಸಂಥೆ

ಮಾಸ್ತರ್ರು ತೀರಿಕೊಂಡ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಬಂದಿತ್ತು. ಸಿದ್ದಾಪುರದ ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸಿದವರು, ರಜೆಯಲ್ಲಿ ಹುಡುಗರಿಗೆ ವೇದಪಾಠ ಹೇಳಿದವರು, ಪತ್ನಿಯನ್ನು ಅಗಲಿದ್ದಾರೆ ಎಂದು. ಬರೆದದ್ದರಲ್ಲಿ ಸುಳ್ಳೇನಿಲ್ಲ. ಆದರೆ ಅವರಿಗೆ ಲ್ಯಾಟಿನ್ ಬರುತ್ತಿತ್ತು ಎನ್ನುವುದು ಅದರಲ್ಲಿ ಇರಲಿಲ್ಲ. ಇರುವುದಾದರೂ ಹೇಗೆ? ಅದು ಗೊತ್ತಿದ್ದವರು ಯಲ್ಲಾಪುರದ ಒಬ್ಬ ವಯಸ್ಸಾದ ಪಾದ್ರಿ, ಮಾಸ್ತರ್ರ ಹೆಂಡತಿ ಮತ್ತು ನಾನು. ಪಾದ್ರಿಗಳು ಮಾಸ್ತರ್ರಿಗಿಂತ ಮೊದಲೇ ಹೋದರು. ಮಾಸ್ತರ್ರ ಹೆಂಡತಿ ಬರೆಯುವವರಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ. ಬರೆದರೆ ಸ್ವಲ್ಪ ಹಗುರವಾದೀತು ಅನ್ನುವ ಆಸೆಯೂ ಇದೆ.

ನನ್ನ ಊರು ಬನವಾಸಿಯ ಕಡೆ. ಶಿರಸಿಯಲ್ಲಿ ಒಂದು ಸಸಿ ನರ್ಸರಿಯಲ್ಲಿ ಕೆಲಸ. ಗಿಡಗಳ ಸಾಲಿಗೆ ತಗಡಿನ ಫಲಕ ಬರೆಯುವುದು ನನ್ನ ಪಾಲಿಗೆ ಬಂದಿತ್ತು, ಅಕ್ಷರ ಚೆನ್ನಾಗಿದೆ ಎಂದು. ಮೇಲೆ ಕನ್ನಡದ ಹೆಸರು, ಕೆಳಗೆ ಲ್ಯಾಟಿನ್ ಹೆಸರು. ಮಾಸ್ತರ್ರು ಒಂದು ದಿನ ಕುಂಡದಲ್ಲಿ ಹಚ್ಚಲಿಕ್ಕೆ ತುಳಸಿ ಗಿಡ ಕೇಳಿಕೊಂಡು ಬಂದವರು ಜಾಯಿಕಾಯಿ ಸಸಿಗಳ ಮುಂದೆ ನಿಂತುಬಿಟ್ಟರು. ಪಂಚೆಯ ತುದಿಯನ್ನು ಎಡಗೈಯಲ್ಲಿ ಹಿಡಿದು, ಫಲಕದ ಹತ್ತಿರ ಬಗ್ಗಿ, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು.

"ತಂಗಿ, ಕೆಳಗೆ ಬರೆದದ್ದು ಎಂತದು?" ಅಂದರು.

"ಗಿಡದ ಹೆಸರ್ರೀ. ಲ್ಯಾಟಿನ್ನಾಗ."

"ಮಿರಿಸ್ಟಿಕಾ ಫ್ರಾಗ್ರಾನ್ಸ್. ಅಂದ್ರೆ?"

"ಅಂದ್ರ ಜಾಯಿಕಾಯಿ."

"ಅದು ಗೊತ್ತಾತು. ಫ್ರಾಗ್ರಾನ್ಸ್ ಅಂದ್ರೆ ಎಂತ ಹೇಳಿ ಕೇಳಿದ್ದು."

"ಗೊತ್ತಿಲ್ರಿ."

"ಯಂಗೂ ಗೊತ್ತಿಲ್ಲೆ," ಅಂದರು. "ನೀನು ಗೊತ್ತಿಲ್ದೇ ಬರೆದೆ, ಆನು ಗೊತ್ತಿಲ್ದೇ ಓದಿದೆ. ಇಬ್ರದ್ದೂ ಸಮಾ ಆತು."

ತುಳಸಿ ಒಯ್ಯುವುದನ್ನು ಮರೆತು ಹೋದರು. ಆಗಲೇ ಅವರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ಶಿರಸಿಯ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ, ಒಂದು ಹೊಲಿಗೆ ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಮಕ್ಕಳಾಗಿರಲಿಲ್ಲ.

ಕೆಲವು ತಿಂಗಳ ಮೇಲೆ ಮತ್ತೆ ಬಂದರು. ಈ ಸಲ ಸೀದಾ ನನ್ನ ಹತ್ತಿರವೇ.

"ಘಮಘಮಿಸುತ್ತಾ ಇರುವಂಥದ್ದು ಹೇಳಿ ಅರ್ಥ," ಅಂದರು. ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಪ್ರತಿ ರವಿವಾರ ಮಧ್ಯಾಹ್ನದ ಬಸ್ಸಿಗೆ ಯಲ್ಲಾಪುರಕ್ಕೆ ಹೋಗುತ್ತಿದ್ದರಂತೆ. ಅಲ್ಲಿಯ ಪಾದ್ರಿಗಳು ಹುಡುಗರಾಗಿದ್ದಾಗ ಸೆಮಿನರಿಯಲ್ಲಿ ಲ್ಯಾಟಿನ್ ಕಲಿತವರು. ಇಷ್ಟು ವರ್ಷ ಅದನ್ನು ಕೇಳಿದವರೇ ಇರಲಿಲ್ಲವಾದ್ದರಿಂದ, ಇವರು ಬಾಗಿಲಲ್ಲಿ ನಿಂತು ಕೇಳಿದ ಕೂಡಲೇ ಕುರ್ಚಿ ತಂದು ಹಾಕಿದರಂತೆ. ಮಾಸ್ತರ್ರು ಅಲ್ಲಿ ಚಹಾ ಕುಡಿಯುತ್ತಿರಲಿಲ್ಲ. ಪಾದ್ರಿಗಳಿಗೆ ಅದು ಗೊತ್ತಿತ್ತು. ಬಾಳೆಹಣ್ಣು ತರಿಸಿಟ್ಟು, "ಮಾಸ್ತರೇ, ನಾನು ಇದರ ಹೊರಗಿನ ಸಿಪ್ಪೆ ಮಾತ್ರ ಮುಟ್ಟಿದ್ದು, ಒಳಗಿಂದು ನಿಮ್ಮದೇ ಜಾತಿ," ಅನ್ನುತ್ತಿದ್ದರಂತೆ. ಇದನ್ನು ಹೇಳಿ ಮಾಸ್ತರ್ರು ಬಹಳ ನಗುತ್ತಿದ್ದರು. ಕೊನೆಕೊನೆಗೆ ಚಹಾ ಕುಡಿಯಲು ಶುರು ಮಾಡಿದ್ದರು ಎಂದು ನನ್ನ ಅನುಮಾನ. ಕೇಳಿದರೆ ಮಾತು ಬದಲಿಸುತ್ತಿದ್ದರು.

ಅವರು ಎರಡನೇ ಸಲ ನರ್ಸರಿಗೆ ಬಂದದ್ದು ಅರ್ಥ ಹೇಳಲಿಕ್ಕೆ ಮಾತ್ರ ಅಲ್ಲ. ಕಲಿತದ್ದನ್ನು ಇನ್ನೊಬ್ಬರಿಗೆ ಹೇಳದಿದ್ದರೆ ಅದು ಗಟ್ಟಿಯಾಗುವುದಿಲ್ಲ ಎನ್ನುವುದು ಅವರ ನಂಬಿಕೆ. ಯಾರಿಗಾದರೂ ಹೇಳಬೇಕಿತ್ತು. ಆ ಫಲಕ ಬರೆದವಳು ನಾನು. "ನಿನ್ನಿಂದಾಗಿ ಶುರುವಾದ್ದು. ಕಲಿಯುವ ಜವಾಬ್ದಾರಿ ನಿನಗೂ ಇದ್ದು," ಅಂದರು. ನನ್ನ ರಜೆಯ ದಿನ ಅವರ ಮನೆಯ ಮೆಟ್ಟಿಲು ಹತ್ತುವುದು ಹಾಗೆ ಶುರುವಾಯಿತು.

ಅವರಿಗೆ ಗೊತ್ತಿದ್ದ ಕಲಿಸುವ ರೀತಿ ಒಂದೇ, ಸಂಥೆ. ವೇದ ಹೇಳಿಕೊಡುವಾಗ ಗುರು ಒಂದು ಸಲ ಹೇಳುತ್ತಾನೆ, ಎದುರು ಕೂತವನು ಅದನ್ನೇ ಎರಡು ಸಲ ಹೇಳುತ್ತಾನೆ, ಆಮೇಲೆ ಗುರು ಮುಂದಕ್ಕೆ ಹೋಗುತ್ತಾನೆ. ಒಂದೇ ಸಲ ಹೇಳಿ ನಿಲ್ಲಿಸಿದರೆ ಗುರು ಮುಂದೆ ಹೋಗುವುದಿಲ್ಲ, ಸುಮ್ಮನೆ ಕಾಯುತ್ತಾನೆ. ಮಾಸ್ತರ್ರು ಲ್ಯಾಟಿನ್ನಿಗೂ ಅದನ್ನೇ ಹಚ್ಚಿದರು. ಮೊದಲ ದಿನ ನಾನು ಸಂಕೋಚದಿಂದ, ಹೆಂಗಸು, ಅದರಲ್ಲೂ ನಿಮ್ಮ ಪೈಕಿಯಲ್ಲ, ಎದುರು ಕೂರಬಹುದೇ ಎಂದು ಕೇಳಿದೆ.

"ರೋಮಿನವು ಜನಿವಾರ ಹಾಕ್ತಿದ್ವಿಲ್ಲೆ," ಅಂದರು. "ಕೂತ್ಗ."

ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, "ಫ್ರಾಗ್ರಾನ್ಸ್" ಅಂದರು. ನಾನು ಎರಡು ಸಲ ಅಂದೆ. "ಫ್ರಾಗ್ರಾಂತೆಮ್." ಎರಡು ಸಲ. ಪಾದ್ರಿಗಳು ಹೇಳಿಕೊಟ್ಟ ಕ್ರಮ ಬೇರೆಯಂತೆ. ಇವರು ಅದನ್ನು ಸಂಸ್ಕೃತದ ಹಾಗೆ ಪ್ರಥಮಾ, ದ್ವಿತೀಯಾ, ತೃತೀಯಾ ಎಂದು ಜೋಡಿಸಿಕೊಂಡಿದ್ದರು. ತೃತೀಯಾ, ಪಂಚಮೀ, ಸಪ್ತಮೀ ಈ ಮೂರಕ್ಕೂ ಲ್ಯಾಟಿನ್ನಿನಲ್ಲಿ ಒಂದೇ ರೂಪ, ಫ್ರಾಗ್ರಾಂತೆ. ಒಂದು ಸಲ ಹೇಳಿದರೆ ಸಾಕಿತ್ತು. ಅವರು ಮೂರು ಕಡೆಯೂ ಹೇಳಿಸುತ್ತಿದ್ದರು. "ಪಾಪ, ಒಬ್ಬನೇ ಮೂರು ಮನೆ ಕೆಲಸ ಮಾಡ್ತಾ. ಹೋದ ಮನೆಯಲ್ಲೆಲ್ಲ ಅವನ ಹೆಸರು ಹೇಳ್ಲೇಬೇಕು," ಅನ್ನುತ್ತಿದ್ದರು.

ಅವರಿಗೆ ಈ ಜಾತಿಯ ಪದಗಳ ಮೇಲೆ ವಿಪರೀತ ಪ್ರೀತಿ. ಕ್ರಿಯಾಪದದಿಂದ ಹುಟ್ಟಿ ನಾಮಪದದ ಹಾಗೆ ವಿಭಕ್ತಿ ಹಚ್ಚಿಕೊಳ್ಳುವ ಪದಗಳು. ಸಂಸ್ಕೃತದಲ್ಲಿ ಹೋಗುತ್ತಿರುವವನಿಗೆ ಗಚ್ಛನ್, ಗಚ್ಛಂತಂ ಎಂದು ಹೇಳಿ, ತಕ್ಷಣ ಫ್ರಾಗ್ರಾನ್ಸ್, ಫ್ರಾಗ್ರಾಂತೆಮ್ ಎಂದು ಹೇಳಿ, ನನ್ನ ಮುಖ ನೋಡುತ್ತಿದ್ದರು, ದೂರದೂರಿನಲ್ಲಿ ದಾಯಾದಿ ಸಿಕ್ಕಿದವರ ಹಾಗೆ. "ಕನ್ನಡದ 'ಘಮಘಮಿಸುವ' ಇದ್ದಲ್ಲ, ಅದು ಸೋಮಾರಿ. ಮುಂದಿನ ಪದ ಎಲ್ಲಿಗೆ ಹೋದ್ರೂ ಇದು ಅಂಗಿ ಬದಲಾಯಿಸ್ತಿಲ್ಲೆ. ಲ್ಯಾಟಿನ್ನಿಂದು ಹಂಗಲ್ಲ. ಯಜಮಾನ ಹೊರಟ ಕೂಡ್ಲೆ ತಾನೂ ಅದೇ ಬಟ್ಟೆ ತೊಟ್ಟು ಹೊರಡ್ತು." ನರ್ಸರಿಯ ಫಲಕಗಳಲ್ಲಿ ಅಂಥವು ಬೇಕಾದಷ್ಟಿದ್ದವು. ರೆಪೆನ್ಸ್ ಅಂದರೆ ತೆವಳುತ್ತಿರುವ. ಸ್ಕಾಂಡೆನ್ಸ್ ಅಂದರೆ ಹತ್ತುತ್ತಿರುವ. ಅಲ್ಲಿಯ ತನಕ ನಾನು ನೀರು ಹಾಕುತ್ತಿದ್ದ ಗಿಡಗಳು ಆಮೇಲೆ ನಿಜವಾಗಿಯೂ ತೆವಳುತ್ತಿವೆ, ಹತ್ತುತ್ತಿವೆ ಅನ್ನಿಸತೊಡಗಿತು.

ಮುಗಿದುಹೋದ ಕೆಲಸಕ್ಕೆ ಬೇರೆ ರೂಪ ಇದೆ, ಇನ್ನು ಆಗಲಿರುವುದಕ್ಕೆ ಇನ್ನೊಂದು ಇದೆ ಎಂದು ಹೇಳಿದ್ದರು. ಅವನ್ನು ಯಾವಾಗ ಕಲಿಸುತ್ತೀರಿ ಎಂದು ಕೇಳಿದರೆ, "ಮುಗಿದದ್ದಕ್ಕೆ ಎಂತ ಗಡಿಬಿಡಿ, ಅದು ಎಲ್ಲಿಗೂ ಹೋಗ್ತಿಲ್ಲೆ," ಅನ್ನುತ್ತಿದ್ದರು. ಅಲ್ಲಿಗೆ ನಾವು ಹೋಗಲೇ ಇಲ್ಲ.

ಅವರ ಹೆಂಡತಿಯನ್ನು ನಾನು ಅಮ್ಮ ಅನ್ನುತ್ತಿದ್ದೆ. ನಾವು ಮುಂದಿನ ಕೋಣೆಯಲ್ಲಿ ಸಂಥೆಗೆ ಕೂತಾಗ ಅಮ್ಮ ಅಡುಗೆಮನೆಯ ಹೊಸ್ತಿಲ ಆಚೆ ಕೂತು ಬೀನ್ಸಿನ ನಾರು ತೆಗೆಯುತ್ತಲೋ ತೆಂಗಿನಕಾಯಿ ತುರಿಯುತ್ತಲೋ ಇರುತ್ತಿದ್ದರು. ಅವರ ನಾಲಿಗೆ ಚುರುಕು. ಒಂದು ದಿನ ಮಾಸ್ತರ್ರು ಈ ಪದಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ರೂಪ ಎಂದು ಆಶ್ಚರ್ಯದಿಂದ ಹೇಳುತ್ತಿದ್ದರು. ಸಂಸ್ಕೃತದಲ್ಲಾದರೆ ಹೆಣ್ಣಿಗೆ ಬೇರೆ ರೂಪ ಮಾಡಬೇಕಂತೆ. ಒಳಗಿನಿಂದ ಅಮ್ಮನ ದನಿ ಬಂತು.

"ಹಂಗಾರೆ ರೋಮಿನಲ್ಲಿ ಹೆಂಗಸ್ರಿಗೆ ಎರಡನೇ ಪಂಕ್ತಿ ಇಲ್ಲೆ ಹೇಳಾತು. ಗಂಡಸ್ರ ಊಟ ಮುಗಿಯವರೆಗೂ ಕಾಯದು ಬೇಡ."

"ಊಟದ ವಿಷಯ ಅಲ್ಲ ಮಾರಾಯ್ತಿ, ವ್ಯಾಕರಣ."

"ವ್ಯಾಕರಣನೂ ಯಾರೋ ಉಂಡವ್ವೇ ಬರೆದಿಕ್ಕು."

ಮಾಸ್ತರ್ರು ನನ್ನ ಕಡೆ ನೋಡಿ ಕೈ ಮೇಲೆತ್ತಿದರು, ಸೋತವರ ಹಾಗೆ. ನಾನು ನಕ್ಕೆ. ಅಮ್ಮನೂ ನಕ್ಕಿರಬೇಕು. ಆ ಮಾತಿನ ಅಡಿಯಲ್ಲಿ ಬೇರೇನೋ ಇದ್ದದ್ದು ನನಗೆ ತಿಳಿದದ್ದು ಬಹಳ ತಡವಾಗಿ.

ಒಂದು ಬೆಳಿಗ್ಗೆ ಸ್ನಾನದ ಮನೆಯಲ್ಲಿ ಅವರು ಬಿದ್ದರು. ಪಾರ್ಶ್ವವಾಯು. ಶಿರಸಿಯ ಆಸ್ಪತ್ರೆ, ಅಲ್ಲಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ. ಜೀವ ಉಳಿಯಿತು. ಬಲಗೈ, ಬಲಗಾಲು ಹೋಯಿತು, ಮಾತು ಹೋಯಿತು. ಹೊಲಿಗೆ ಅಂಗಡಿಯವರು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿ ಮನೆಗೆ ಮುಟ್ಟಿಸಿದರು. ಅಮ್ಮ ದಿನಾ ಅವರ ಮುಂದೆ ನಿಂತು, "ಆನು ಯಾರು? ಹೇಳಿ ನೋಡನ," ಅನ್ನುತ್ತಿದ್ದರಂತೆ. ಅವರು ನೋಡುತ್ತಿದ್ದರು, ಅಷ್ಟೇ. ಜೀವಮಾನವಿಡೀ ಬಾಯಲ್ಲಿದ್ದ ಮಂತ್ರಗಳನ್ನು ಅಮ್ಮ ಪಕ್ಕದಲ್ಲಿ ಕೂತು ತನಗೆ ಕೇಳಿ ಗೊತ್ತಿದ್ದಷ್ಟು ಹೇಳಿದರು. ಅದಕ್ಕೂ ತುಟಿ ಅಲ್ಲಾಡಲಿಲ್ಲ.

ನಾನು ನೋಡಲು ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಾಗ ಅವರು ನನ್ನನ್ನು ನೋಡಿ ಕಣ್ಣು ಮುಚ್ಚಿದರು. "ಫ್ರಾಗ್ರಾನ್ಸ್" ಅಂದರು.

ತೊದಲು ಇತ್ತು, ಆದರೆ ಪದ ಪೂರ್ತಿ ಇತ್ತು. ಅಮ್ಮ ಒಳಗಿನಿಂದ ಓಡಿ ಬಂದರು. ಮಾಸ್ತರ್ರು ಮತ್ತೇನೂ ಹೇಳಲಿಲ್ಲ. "ಅಷ್ಟೇ ಬಂತು, ಸಿಕ್ಕಿ ಹಾಕ್ಯಂಡ್ತು," ಎಂದು ಅಮ್ಮ ಅಳು ತಡೆದುಕೊಂಡು ಹೇಳಿದರು. ಸಿಕ್ಕಿಹಾಕಿಕೊಂಡದ್ದಲ್ಲ ಎಂದು ನನಗೆ ಗೊತ್ತಿತ್ತು. ಅವರು ಕಾಯುತ್ತಿದ್ದರು. ನಾನು ಅಲ್ಲೇ ನೆಲದ ಮೇಲೆ ಕೂತು ಎರಡು ಸಲ ಹೇಳಿದೆ. ಅವರು "ಫ್ರಾಗ್ರಾಂತೆಮ್" ಅಂದರು. ಹೀಗೆ ಎಂಟು ವಿಭಕ್ತಿಯೂ ಮುಗಿಯಿತು. ಒಂದು ಕಡೆ ಬೇಕೆಂದೇ ಒಂದೇ ಸಲ ಹೇಳಿ ನಿಲ್ಲಿಸಿದೆ. ಅವರು ಕಣ್ಣು ಮುಚ್ಚಿಕೊಂಡೇ ಕಾದರು. ಎರಡನೆಯದು ಹೇಳಿದ ಮೇಲೆಯೇ ಮುಂದೆ ಹೋದರು.

"ಯನ್ನ ಹೆಸರು ಹೇಳ್ಸು ತಂಗಿ," ಅಂದರು ಅಮ್ಮ.

ನಾನು ಅಮ್ಮನ ಹೆಸರನ್ನು ಸಂಥೆಯ ಧಾಟಿಯಲ್ಲೇ ಹೇಳಿದೆ. ಮಾಸ್ತರ್ರು ಕಿಟಕಿಯ ಕಡೆ ನೋಡಿದರು.

ಆಮೇಲೆ ಅವರಿಗೆ ಇದೊಂದೇ ಮಾತಾಯಿತು. ನೋಡಲು ಬಂದ ನೆಂಟರು ಅದನ್ನು ಯಾವುದೋ ಮಂತ್ರ ಎಂದುಕೊಂಡು ಕೈ ಮುಗಿದು ನಿಲ್ಲುತ್ತಿದ್ದರು. ಒಬ್ಬರು ಹಿರಿಯರು ಪೂರ್ತಿ ಕೇಳಿಸಿಕೊಂಡು, ಇದು ಯಾವ ಸೂಕ್ತ, ನಮ್ಮ ಶಾಖೆಯದ್ದಲ್ಲವಲ್ಲ ಎಂದು ಅಮ್ಮನನ್ನು ಕೇಳಿದರಂತೆ.

"ರೋಮ್ ಸೂಕ್ತ," ಅಂದರಂತೆ ಅಮ್ಮ. ಅವರು ತಲೆಯಾಡಿಸಿ, ಅಪರೂಪದ್ದು ಅಂದರಂತೆ. ಇದನ್ನು ನನಗೆ ಹೇಳುವಾಗ ಅಮ್ಮ ನಗಲು ಹೊರಟು, ಅರ್ಧಕ್ಕೆ ಸೆರಗು ಬಾಯಿಗೆ ಒತ್ತಿಕೊಂಡರು.

ಡಾಕ್ಟರನ್ನು ಕೇಳಿದೆವು. ಬಾಯಿಪಾಠವಾದದ್ದು ಹೀಗೆ ಉಳಿಯುವುದುಂಟು, ಹೇಳುವವರಿಗೆ ಅದರ ಅರ್ಥ, ಎದುರಿನವರ ಗುರುತು ಇರಲೇಬೇಕೆಂದಿಲ್ಲ ಅಂದರು. ವೇದ ಹೋಗಿ ಇದು ಮಾತ್ರ ಯಾಕೆ ಉಳಿಯಿತು ಎಂದು ಕೇಳಿದ್ದಕ್ಕೆ, ಅದು ತನಗೂ ಗೊತ್ತಿಲ್ಲ ಅಂದರು.

ನಾನು ನರ್ಸರಿಯ ಕೆಲಸ ಮುಗಿಸಿ ದಿನಾ ಸಂಜೆ ಹೋಗತೊಡಗಿದೆ. ಮೆಟ್ಟಿಲ ಸದ್ದು ಕೇಳಿದರೆ ಅವರ ಮುಖ ಬಾಗಿಲ ಕಡೆ ತಿರುಗುತ್ತಿತ್ತು ಎಂದು ಅಮ್ಮನೇ ಹೇಳಿದ್ದು. ಹೇಳುವಾಗ ಅಮ್ಮನ ದನಿ ಹೇಗಿತ್ತು ಎನ್ನುವುದನ್ನು ನಾನು ಗಮನಿಸಲಿಲ್ಲ. ನನಗೆ ಹೆಮ್ಮೆಯಾಗಿತ್ತು. ಒಂದು ಸಂಜೆ ಸಂಥೆ ಮುಗಿಸಿ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಅಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದರು.

"ಮದುವೆಯಾಗಿ ಬಂದ ದಿನದಿಂದ ಸಂಥೆ ಕೇಳ್ತಾ ಇದ್ದೆ," ಅಂದರು. "ಎಷ್ಟು ಹುಡುಗ್ರು ಬಂದ, ಹೋದ. ಹೊಸ್ತಿಲ ಈಚೆ ಕೂತು ಕೇಳದು ಯನ್ನ ಪಾಲು. ಅದು ಪದ್ಧತಿ, ಇರ್ಲಿ ಬಿಡು. ಆದ್ರೆ ನಿಂಗೆ ಕೂತ್ಗ ಹೇಳಿದ. ಯಂಗೆ ಒಂದಿನ ಹೇಳಿದ್ವಿಲ್ಲೆ."

ನಾನು ನೀರಿನ ಲೋಟ ಕೆಳಗಿಟ್ಟು ಹೇಳಿದೆ: "ಈಗ ನೀವು ಕೂರ್ರಿ ಅಮ್ಮಾ."

"ಅವು ಕರೆದ್ವಿಲ್ಲೆ."

"ಈಗ ಕರೀಲಿಕ್ಕೆ ಬರೂದಿಲ್ರಿ ಅವರಿಗೆ."

ಅಮ್ಮ ಒಲೆಯ ಮೇಲಿದ್ದ ಹಾಲನ್ನು ಇಳಿಸಿಟ್ಟು, ನೆಲದ ಮೇಲೆ ಕೂತು, "ಹೇಳು," ಅಂದರು.

ನಾನು ಒಂದು ಸಲ ಹೇಳಿದೆ, ಅಮ್ಮ ಎರಡು ಸಲ ಹೇಳಿದರು. ಹೀಗೆ ಕೆಲವು ದಿನ ಅಡುಗೆಮನೆಯಲ್ಲಿ ಪಾಠವಾಯಿತು. ಕೇಳಿ ಕೇಳಿ ಮೊದಲೇ ಅರ್ಧ ಬರುತ್ತಿತ್ತು. ಫ್ರಾಗ್ರಾಂತಿ, ಫ್ರಾಗ್ರಾಂತಿಸ್ ಮಾತ್ರ ಅದಲು ಬದಲಾಗುತ್ತಿತ್ತು. "ತಪ್ಪಿದ್ರೆ ಬೈತ್ವ?" ಎಂದು ಕೇಳಿದರು. ಅವರು ನನಗೆ ಯಾವತ್ತೂ ಬೈದದ್ದಿಲ್ಲ ಎಂದೆ. "ನಿಂಗೆ ಬಯ್ಯದಿಲ್ಲೆ ಬಿಡು. ಆನು ಹೆಂಡತಿ," ಅಂದರು.

ಕಡೆಗೊಂದು ಸಂಜೆ ಅಮ್ಮ ಹೊಸ ಸೀರೆಯೇನೂ ಅಲ್ಲ, ಒಗೆದ ಸೀರೆ ಉಟ್ಟು, ಮಾಸ್ತರ್ರ ಎದುರು ಕೂತರು. ನಾನು ಬೇಕೆಂದೇ ಹೊಸ್ತಿಲ ಆಚೆ, ಅಮ್ಮ ಕೂರುತ್ತಿದ್ದ ಜಾಗದಲ್ಲಿ ಕೂತೆ. ಮಾಸ್ತರ್ರು ಸ್ವಲ್ಪ ಹೊತ್ತು ಅಮ್ಮನನ್ನು ನೋಡಿದರು. ಆಮೇಲೆ "ಫ್ರಾಗ್ರಾನ್ಸ್" ಅಂದರು. ಅಮ್ಮನ ಮೊದಲ ಸಲದ ದನಿ ನನಗೆ ಕೇಳಿಸಲಿಲ್ಲ. ಎರಡನೆಯದು ಕೇಳಿಸಿತು. ಮಾಸ್ತರ್ರು ಮುಂದೆ ಹೋದರು.

ಆ ಮೇಲಿನ ದಿನಗಳು ಒಳ್ಳೆಯವು. ಅಮ್ಮ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕೂರುತ್ತಿದ್ದರು. "ಮೂರು ವಿಭಕ್ತಿಗೂ ಅದನ್ನೇ ಹೇಳಿ ಯಂಗೆ ಮೋಸ ಮಾಡ್ತ್ರ ಹೆಂಗೆ?" ಎಂದು ರೇಗಿಸುತ್ತಿದ್ದರು. ಅವರ ಮುಖದ ಎಡಭಾಗ ನಗುತ್ತಿತ್ತು. ನಾನು ಹೋಗುವುದನ್ನು ಕಡಿಮೆ ಮಾಡಿದೆ. ಹೋದರೂ ಕೂರುವವರು ಅಮ್ಮನೇ. ಆದರೆ ಒಂದು ದಿನ ನನ್ನನ್ನು ಕಳಿಸಲು ಮೆಟ್ಟಿಲ ತನಕ ಬಂದವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ತಂಗಿ, ಎದುರಿಗೆ ಕೂತದ್ದು ಆನು ಹೇಳಿ ಅವಕ್ಕೆ ಗೊತ್ತಿದ್ದ? ಅಥವಾ ಯಾರು ಕೂತ್ರೂ ಅಡ್ಡಿಲ್ಯ?"

ಗೊತ್ತಿದೆ ಎಂದು ಹೇಳಬಹುದಿತ್ತು. ಅಮ್ಮನ ಕಣ್ಣು ನೋಡಿದರೆ ಹಾಗೆ ಸುಮ್ಮನೆ ಹೇಳುವುದು ಸಾಧ್ಯವಿರಲಿಲ್ಲ. ನಾನು ಅವರ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತು, ಇಳಿದು ಬಂದೆ.

ಎರಡನೇ ಸಲ ಪಾರ್ಶ್ವವಾಯು ಆದಾಗ ಉಳಿದಿದ್ದ ದನಿಯೂ ಹೋಯಿತು. ಶಿರಸಿಯ ಆಸ್ಪತ್ರೆಯಲ್ಲೇ ಇಟ್ಟುಕೊಂಡರು, ಹುಬ್ಬಳ್ಳಿಗೆ ಒಯ್ಯುವುದರಲ್ಲಿ ಅರ್ಥವಿಲ್ಲ ಅಂದರು. ಕಣ್ಣು ತೆರೆಯುವುದೇ ಅಪರೂಪ. ನಾನು ಹೋದಾಗ ಅಮ್ಮ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಅವರ ಕಿವಿಯ ಹತ್ತಿರ ಬಗ್ಗಿ "ಫ್ರಾಗ್ರಾನ್ಸ್" ಅನ್ನುತ್ತಿದ್ದರು. ಹೇಳಿ ನಿಲ್ಲಿಸುತ್ತಿದ್ದರು. ಎರಡು ಸಲ ಹೇಳುವಷ್ಟು ಹೊತ್ತು ಕಾದು ಮುಂದಿನದು ಹೇಳುತ್ತಿದ್ದರು. ಈಗ ಗುರುವಿನ ಜಾಗ ಅಮ್ಮನದು. ಪಕ್ಕದ ಮಂಚದ ಕಡೆಯವರು ಈ ಹೆಂಗಸಿಗೆ ಏನಾಗಿದೆ ಎಂಬಂತೆ ನೋಡುತ್ತಿದ್ದರು.

ನನ್ನನ್ನು ನೋಡಿ ಅಮ್ಮ ಎದ್ದರು. "ಬಾ, ಕೂತ್ಗ. ನಿನ್ನ ಗುರುಗಳು. ನೀನೂ ಒಂದ್ಸಲ ಹೇಳು," ಅಂದು ಜಾಗ ಬಿಟ್ಟರು.

ಇದು ಕಡೆಯದು ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಕೂತು, ಅವರ ಎಡಗೈ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಕಾದೆ. ಅವರ ಮುಖದಲ್ಲಿ ಏನೂ ಆಗಲಿಲ್ಲ. ಮುಂದಿನದು ಹೇಳಿದೆ. ಅದಕ್ಕೂ ಆಗಲಿಲ್ಲ. ಮೊದಲಿನಿಂದ ಮತ್ತೆ ಹೇಳಿದೆ, ಒಂದೊಂದೇ ಅಕ್ಷರ ಬಿಡಿಸಿ, ಅವರು ನನಗೆ ಮೊದಲ ದಿನ ಹೇಳಿಕೊಟ್ಟ ಹಾಗೆ. ಉಸಿರು ಮಾತ್ರ ಬರುತ್ತಿತ್ತು, ಹೋಗುತ್ತಿತ್ತು. ದನಿಯ ಜೊತೆ ಕೇಳುವುದೂ ಹೋಗಿರಬೇಕು, ಅಮ್ಮನಿಗೆ ಇದನ್ನು ಹೇಗೆ ತಿಳಿಸುವುದು ಎಂದು ಯೋಚಿಸುತ್ತ ಎದ್ದು ನಿಂತೆ.

ಅಮ್ಮ ಕೂರಲಿಲ್ಲ. ನಿಂತಲ್ಲಿಂದಲೇ, ಮಂಚದ ಕಾಲಿನ ಕಡೆಯಿಂದ, ಅವರ ಹೊದಿಕೆ ಸರಿ ಮಾಡುತ್ತ, ಸಣ್ಣ ದನಿಯಲ್ಲಿ, ಅಭ್ಯಾಸಬಲದಿಂದ ಅನ್ನುವ ಹಾಗೆ, "ಫ್ರಾಗ್ರಾನ್ಸ್" ಅಂದರು.

ಮಾಸ್ತರ್ರ ತುಟಿ ಅಲ್ಲಾಡಿತು. ದನಿಯಿಲ್ಲ. ಮೇಲಿನ ಹಲ್ಲು ಕೆಳತುಟಿಗೆ ತಾಗಿ, ಬಾಯಿ ತೆರೆದು, ಮುಚ್ಚಿತು. ಸ್ವಲ್ಪ ಬಿಟ್ಟು ಮತ್ತೊಂದು ಸಲ ಹಾಗೆಯೇ.

ಅಮ್ಮ ತಲೆಯೆತ್ತಿ ನನ್ನ ಮುಖ ನೋಡಿದರು. ಮೆಟ್ಟಿಲ ಹತ್ತಿರ ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು ಅವರಿಗೆ. ಆದರೂ ಅವರ ಮುಖದಲ್ಲಿ ಇದ್ದದ್ದು ಸಂತೋಷವಲ್ಲ, ಪಂಕ್ತಿಯಲ್ಲಿ ಪಕ್ಕದವರ ಎಲೆಗೆ ಬೀಳಬೇಕಾದದ್ದು ತನ್ನ ಎಲೆಗೆ ಬಿದ್ದವರ ಸಂಕೋಚ.

"ನಿನ್ನ ದನಿ ಸಣ್ಣ ಆತು, ತಂಗಿ," ಅಂದರು. "ಅವಕ್ಕೆ ಕೇಳಿದ್ದಿಲ್ಲೆ ಕಾಣ್ತು."

"ಹೌದ್ರಿ ಅಮ್ಮಾ," ಅಂದೆ. "ಕೇಳಿಸಿರಲಿಕ್ಕಿಲ್ಲ."